ವಿಮಾ ಕಂಪನಿಯ ದಿವಾಳಿ ಕೇಸು ಬ್ಯಾಂಕ್ರಪ್ಸಿ ಕೋರ್ಟಿನಲ್ಲಿ ಯಾಕೆ ಸಿಗುವುದಿಲ್ಲ
ನೀವು ಹುಡುಕುತ್ತಿರುವ ಕೋರ್ಟೇ ಬೇರೆ. ಅಮೆರಿಕದಲ್ಲಿ ಬ್ಯಾಂಕ್ರಪ್ಸಿ ವಕೀಲರಾಗಿದ್ದು ವಿಮಾ ದಿವಾಳಿಯ ಕೆಲಸಕ್ಕೆ ಹೊರಳಬೇಕು, ಆದರೆ ಫೆಡರಲ್ ದಾಖಲೆಯಲ್ಲಿ ಒಂದು ಕೇಸೂ ಕಾಣುತ್ತಿಲ್ಲ ಅಂದಿರಿ. ಕಾಣುವುದಿಲ್ಲ. ಫೆಡರಲ್ ದಿವಾಳಿ ಕಾನೂನಾದ ಬ್ಯಾಂಕ್ರಪ್ಸಿ ಕೋಡ್‌ನ ಸೆಕ್ಷನ್ 109 ವಿಮಾ ಕಂಪನಿಗಳನ್ನು ಹೊರಗಿಟ್ಟಿದೆ. ಮುಳುಗಿದ ಕಂಪನಿಯನ್ನು ರಾಜ್ಯದ ವಿಮಾ ಕಮಿಷನರ್, ರಾಜ್ಯದ ಕೋರ್ಟಿನ ಆದೇಶದಂತೆ, ರಿಸೀವರ್ ಆಗಿ, ಅಂದರೆ ಅದರ ಆಸ್ತಿ, ಸಾಲಗಳನ್ನು ವಹಿಸಿಕೊಂಡು, ನೋಡಿಕೊಳ್ಳುತ್ತಾರೆ.

ಮೊದಲು ನಿಮ್ಮ ರಾಜ್ಯದ ರಿಸೀವರ್‌ಶಿಪ್ ಕಾಯ್ದೆ ಓದಿ, ಅದರಲ್ಲೂ ಯಾರಿಗೆ ಮೊದಲು ಹಣ ಎಂಬ ಭಾಗ. ಸಾಮಾನ್ಯವಾಗಿ ಪಾಲಿಸಿದಾರರು ಸಾಲ ಕೊಟ್ಟವರಿಗಿಂತ ಮುಂದೆ ಇರುತ್ತಾರೆ. ಪೂರ್ತಿ ಕ್ರಮ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ಸುಮ್ನೆ ಊಹಿಸಬೇಡಿ.

ಆಮೇಲೆ ಎಕ್ಸಿಕ್ಯೂಟಿವ್ ಲೈಫ್ ಆಫ್ ನ್ಯೂಯಾರ್ಕ್ ಕಂಪನಿಯ 2012ರ ಲಿಕ್ವಿಡೇಷನ್ (ಕಂಪನಿ ಮುಚ್ಚಿ ಆಸ್ತಿ ಹಂಚುವ) ಆದೇಶ ಓದಿ. ಗಾಯಗೊಂಡು, ಸ್ಟ್ರಕ್ಚರ್ಡ್ ಸೆಟಲ್‌ಮೆಂಟ್‌ನ (ಪರಿಹಾರವನ್ನು ಕಂತಿನಲ್ಲಿ ಕೊಡುವ ಒಪ್ಪಂದದ) ತಿಂಗಳ ಹಣವನ್ನೇ ನಂಬಿದ್ದ ಎಷ್ಟೋ ಜನರಿಗೆ ಅದು ಕಡಿತವಾಯಿತು. ಈ ಕೆಲಸ ಯಾಕೆ ಮುಖ್ಯ ಅಂತ ಅಲ್ಲೇ ತಿಳಿಯುತ್ತದೆ.

ನಂತರ ವಿಮಾ ಇಲಾಖೆ, ಗ್ಯಾರಂಟಿ ಅಸೋಸಿಯೇಷನ್ (ವಿಮಾ ಕಂಪನಿ ಮುಳುಗಿದಾಗ ಪಾಲಿಸಿದಾರರಿಗೆ ಮಿತಿಯೊಳಗೆ ಹಣ ಕೊಡುವ ಸಂಸ್ಥೆ), ರಿಸೀವರ್ ಪರ ವಾದಿಸುವ ಕಾನೂನು ಸಂಸ್ಥೆಗಳಿಗೆ ಅರ್ಜಿ ಹಾಕಿ. ನಿಮ್ಮ ಹಳೆಯ ಅನುಭವ ವ್ಯರ್ಥವಲ್ಲ. ವಿಮಾ ಕಂಪನಿ ರಾಜ್ಯದ ಕೋರ್ಟಿನಲ್ಲಿದ್ದಾಗ ಅದರ ಒಡೆತನ ಹೊಂದಿರುವ ಹೋಲ್ಡಿಂಗ್ ಕಂಪನಿ ಬ್ಯಾಂಕ್ರಪ್ಸಿಗೆ ಹೋಗಬಹುದು. ಎರಡೂ ಗೊತ್ತಿರುವವರು ಆಗ ಬೇಕಾಗುತ್ತಾರೆ. ಅರ್ಜಿಯ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ.