ವೈಫೈ ತೆಗೆಸಿಬಿಡಲಾ ಅಕ್ಕಾ?

ಪ್ರಶ್ನೆ: ಅಕ್ಕಾ, ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ನಮ್ಮ ಯಜಮಾನರು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ಮನೆಗೆ ಬರುವಾಗ ರಾತ್ರಿ 11 ದಾಟಿರುತ್ತದೆ. ಮಗಳಿಗೆ 15, ಹತ್ತನೇ ಕ್ಲಾಸು. ಮೊನ್ನೆ ಚಾದರದೊಳಗೆ ಫೋನ್ ಹಿಡಿದು ಅಮೆರಿಕದ ‘ಸಿಕ್ಸ್‌ಟೀನ್ ಅಂಡ್ ಪ್ರೆಗ್ನೆಂಟ್’ ಅನ್ನುವ ರಿಯಾಲಿಟಿ ಶೋ ನೋಡುತ್ತಿದ್ದಳು. ಬಸುರಾದ ಶಾಲೆ ಹುಡುಗಿಯರ ಕಥೆಯಂತೆ. ಬೈದರೆ, ‘ಅಮ್ಮಾ, ಇದನ್ನು ನೋಡಿದರೆ ಆಸೆ ಆಗಲ್ಲ, ಹೆದರಿಕೆ ಆಗುತ್ತೆ’ ಅಂದಳು. ಇವರು ವೈಫೈಯನ್ನೇ ತೆಗೆಸುತ್ತೇನೆ ಅನ್ನುತ್ತಿದ್ದಾರೆ. ಇಂಥದ್ದು ನೋಡಿ ಮಕ್ಕಳು ಹಾಳಾಗುವುದಿಲ್ಲವಾ?

ಉತ್ತರ: ತಂಗೀ, ನಿಮ್ಮ ಪತ್ರ ಓದಿ ಮುಲುಂಡಿನ ನಮ್ಮ ಹಳೇ ಮನೆ ನೆನಪಾಯಿತು. 2011ನೇ ಇಸವಿ. ನನ್ನ ಮಗಳಿಗೆ ಆಗ 16. ಗೆಳತಿಯಿಂದ ಪೆನ್‌ಡ್ರೈವಿನಲ್ಲಿ ಇದೇ ಶೋ ತಂದು ಕಂಪ್ಯೂಟರಿನಲ್ಲಿ ನೋಡುತ್ತಿದ್ದಳು. ನಾನು ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದೆ. ‘ಥೂ, ಮಾನ ಮರ್ಯಾದೆ ಇಲ್ಲದವರು, ಇವರನ್ನು ಟಿವಿಯಲ್ಲಿ ಬೇರೆ ತೋರಿಸುತ್ತಾರೆ’ ಅಂತ ಸ್ವಿಚ್ ಆರಿಸಿಬಿಟ್ಟೆ. ‘ಕಂಪ್ಯೂಟರನ್ನು ಹಾಗೆಲ್ಲ ಆಫ್ ಮಾಡಬಾರದಮ್ಮಾ’ ಅಂದಳು, ಅಷ್ಟೇ. ನಾನು ಗೆದ್ದೆ ಅಂದುಕೊಂಡು ಸಾರಿಗೆ ಒಗ್ಗರಣೆ ಹಾಕಿದೆ.

ಐದು ವರ್ಷ ಕಳೆದ ಮೇಲೆ ಬಾಯಿ ಬಿಟ್ಟಳು. ಆಗ ಅವಳಿಗೆ ಎರಡು ತಿಂಗಳಿಂದ ಮುಟ್ಟಾಗಿರಲಿಲ್ಲವಂತೆ. ಹುಡುಗರ ಸಹವಾಸ ಏನೂ ಇಲ್ಲ. ಅದು ಪಿಸಿಒಡಿ, ಹಾರ್ಮೋನಿನ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ ಅಂತ ಆಮೇಲೆ ಡಾಕ್ಟರು ಹೇಳಿದರು. ಆದರೆ ಅವಳಿಗೆ ಆಗ ಹೇಗೆ ಗೊತ್ತಾಗಬೇಕು? ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಯಾವನೋ ಒತ್ತಿ ನಿಂತಿದ್ದ, ಅದರಿಂದ ಏನಾದರೂ ಆಯಿತಾ ಅಂತ ರಾತ್ರಿಯೆಲ್ಲ ಲೆಕ್ಕ ಹಾಕುತ್ತಿದ್ದಳಂತೆ. ಉತ್ತರ ಸಿಗಬಹುದು ಅಂತ ಆ ಶೋ ನೋಡಲು ಕೂತಿದ್ದಳು. ನಾನು 24 ವರ್ಷ ಊರವರ ಮಕ್ಕಳಿಗೆ ಪಾಠ ಹೇಳಿದವಳು. ನನ್ನ ಮನೆಯ ಹುಡುಗಿಗೆ ಇಷ್ಟು ಹೇಳಿರಲಿಲ್ಲ ನೋಡಿ.

ಆಮೇಲೆ ನಾನೇ ಕೂತು ಹತ್ತು ಹನ್ನೆರಡು ಕಂತು ನೋಡಿದೆ. ಎಂಟಿವಿಯಲ್ಲಿ 2009ರ ಜೂನ್‌ನಲ್ಲಿ ಶುರುವಾದದ್ದು. ಒಂದು ಕಂತಿಗೆ ಒಬ್ಬಳು ಹುಡುಗಿ. ನಡುನಡುವೆ ನೋಟ್‌ಬುಕ್ಕಿನಲ್ಲಿ ಗೀಚಿದಂಥ ಚಿತ್ರಗಳು. ಮೈ ತೋರಿಸುವುದು ಏನೂ ಇಲ್ಲ ಮಾರಾಯ್ರೆ. ಅಳುವ ಮಗು, ನಿದ್ದೆಯಿಲ್ಲದ ಹುಡುಗಿ, ಡೈಪರಿಗೆ ದುಡ್ಡಿನ ಲೆಕ್ಕ, ಮೊದಮೊದಲು ತೊಟ್ಟಿಲು ಜೋಡಿಸಿ ಆಮೇಲೆ ಗೆಳೆಯರ ಜೊತೆ ಹೊರಟುಬಿಡುವ ಹುಡುಗ. ಮಗಳು ಹುಡುಗಿಯರನ್ನು ನೋಡಿದ್ದಳು, ನಾನು ಅಡುಗೆಮನೆಯಲ್ಲಿ ಕೂತ ಅಮ್ಮಂದಿರನ್ನೇ ನೋಡಿದೆ. ಒಬ್ಬಳು ಕಿರುಚುತ್ತಾಳೆ, ಒಬ್ಬಳು ಸುಮ್ನೆ ಟೇಬಲ್ ಒರೆಸುತ್ತಾಳೆ. ಆ ಟೇಬಲ್ ಒರೆಸುವವಳು ನಾನೇ ಅನ್ನಿಸಿತು.

ಹಾಳಾಗುತ್ತಾರಾ ಅಂತ ಕೇಳಿದ್ದೀರಿ. ಅಮೆರಿಕದಲ್ಲೂ ಇದೇ ಜಗಳ. 2014ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು, ಮೆಲಿಸ್ಸಾ ಕೀರ್ನಿ ಮತ್ತು ಫಿಲಿಪ್ ಲೆವಿನ್, ಲೆಕ್ಕ ಹಾಕಿ ಶೋ ಬಂದ ಒಂದೂವರೆ ವರ್ಷದಲ್ಲಿ ಅದರಿಂದಾಗಿಯೇ ಹದಿಹರೆಯದ ಹೆರಿಗೆ ಶೇ 5.7ರಷ್ಟು ಇಳಿಯಿತು ಅಂದರು. ಆ ಲೆಕ್ಕ ನಿಲ್ಲುವುದಿಲ್ಲ ಅಂತ ಬೇರೆ ಅರ್ಥಶಾಸ್ತ್ರಜ್ಞರು ತಕರಾರು ತೆಗೆದರು. 1990ರ ದಶಕದಿಂದಲೇ ಅಲ್ಲಿ ಹದಿಹರೆಯದ ಹೆರಿಗೆ ಇಳಿಯುತ್ತಿತ್ತು. ಟಿವಿಯಿಂದ ಹುಡುಗಿಯರು ಉದ್ಧಾರ ಆದರು ಅಂತ ನಾನೂ ನಂಬುವುದಿಲ್ಲ. ಆದರೆ ನಿಮ್ಮ ಮಗಳ ‘ಹೆದರಿಕೆ ಆಗುತ್ತೆ’ ಅನ್ನುವ ಮಾತು ನನಗೆ ಸುಳ್ಳು ಅನಿಸಲಿಲ್ಲ.

ನನ್ನ ಸಿಟ್ಟು ಬೇರೆ ಕಡೆ. ಅದೇ ಹುಡುಗಿಯರಲ್ಲಿ ನಾಲ್ವರನ್ನು ಹಿಡಿದು ‘ಟೀನ್ ಮಾಮ್’ ಅಂತ ಇನ್ನೊಂದು ಶೋ ಮಾಡಿದರು. ಅವರ ಮಕ್ಕಳು ಕ್ಯಾಮೆರಾ ಮುಂದೆಯೇ ಬೆಳೆದವು. ಅಪ್ಪ ಅಮ್ಮನ ಜಗಳ ಊರಿಗೆಲ್ಲ ತೋರಿಸಲಾ ಅಂತ ಆ ಕೂಸುಗಳನ್ನು ಯಾರು ಕೇಳಿದರು? ನಮ್ಮಲ್ಲಿ ಹಾಗೆ ಮುಖ ತೋರಿಸಲು ಆಗುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಲ್ಲಿ ಹುಡುಗಿಯ ಗುರುತನ್ನು ಮಾಧ್ಯಮದವರು ಹೊರಗೆ ಹಾಕುವಂತಿಲ್ಲ.

ಹಾಗಂತ ನಮ್ಮಲ್ಲಿ ಇದು ಇಲ್ಲವೇ ಇಲ್ಲ ಅಂತೀರಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವಯಸ್ಸಿನವರಲ್ಲಿ ಶೇ 6.8 ಮಂದಿ ಆಗಲೇ ತಾಯಿ ಅಥವಾ ಬಸುರಿ. ಹೆಚ್ಚಿನವರ ಕೊರಳಲ್ಲಿ ಕರಿಮಣಿ ಇದೆ, ಅದಕ್ಕೇ ಯಾರೂ ‘ಥೂ’ ಅನ್ನುವುದಿಲ್ಲ. ನನ್ನ ಅಜ್ಜಿಗೆ ಮೊದಲ ಹೆರಿಗೆ 15ಕ್ಕೆ. ಊರಿಗೆಲ್ಲ ಬೆಲ್ಲ ಹಂಚಿದ್ದರಂತೆ.

ಇನ್ನು ಶೋನಲ್ಲಿ ಬಾರದ ಒಂದು ವಿಷಯ ನಿಮಗೆ ಗೊತ್ತಿರಲಿ. ಇಲ್ಲಿ 18ರ ಒಳಗಿನ ಹುಡುಗಿ ‘ಒಪ್ಪಿಯೇ ಆಯಿತು’ ಅಂದರೂ ಕಾನೂನು ಒಪ್ಪುವುದಿಲ್ಲ. ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. ಈ ಹೆದರಿಕೆಗೇ ಎಷ್ಟೋ ಮನೆಯವರು ಆಸ್ಪತ್ರೆ ಬಿಟ್ಟು ಯಾರ್ಯಾರದೋ ಮಾತ್ರೆ ನುಂಗಿಸುತ್ತಾರೆ. ಅದೇ ಅಪಾಯ. ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ ಡಾಕ್ಟರು ಪೊಲೀಸರಿಗೆ ಹುಡುಗಿಯ ಹೆಸರು ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರಿನಲ್ಲಿ ಹೇಳಿದೆ. 2021ರಿಂದ ಅಪ್ರಾಪ್ತ ಹುಡುಗಿಯರಿಗೆ 24 ವಾರದವರೆಗೂ ಗರ್ಭಪಾತಕ್ಕೆ ಅವಕಾಶ ಇದೆ, ಪೋಷಕರ ಸಹಿ ಬೇಕು. ನಿಮ್ಮ ಮಗಳಿಗೆ ಇದೆಲ್ಲ ಬೇಕಾಗುತ್ತದೆ ಅಂತಲ್ಲ. ಅವಳ ಕ್ಲಾಸಿನಲ್ಲಿ ಯಾರಿಗೆ ಬೇಕಾಗುತ್ತದೋ, ಅವಳು ಮೊದಲು ಗೆಳತಿಯ ಹತ್ತಿರವೇ ಬರುತ್ತಾಳೆ.

ಯಜಮಾನರಿಗೆ ವಾರದ ರಜೆ ಇರುವ ದಿನ ಮಗಳ ಜೊತೆ ಒಂದು ಕಂತು ನೀವೂ ನೋಡಿ. ಆ ಇಂಗ್ಲಿಷು ಅರ್ಥವಾಗದಿದ್ದರೆ ಅವಳನ್ನೇ ಕೇಳಿ, ಹೇಳಿಕೊಡಲು ಅವಳಿಗೂ ಖುಷಿ. ನಡುವೆ ಮುಟ್ಟಿನ ಮಾತು ತೆಗೆಯಿರಿ, ಸರಿಯಾಗಿ ಆಗುತ್ತಿದೆಯಾ ಅಂತ. ಅಲ್ಲಿಂದ ಮುಂದಿನದು ಬರುತ್ತದೆ, ಬಾರದಿದ್ದರೆ ಅವತ್ತಿಗೆ ಬಿಡಿ. ವೈಫೈ ಇರಲಿ. ಚಾದರದೊಳಗಿನ ಫೋನು ಮಾತ್ರ ರಾತ್ರಿ 10ಕ್ಕೆ ಹಾಲ್‌ನಲ್ಲಿ ಚಾರ್ಜಿಗೆ ಹೋಗಲಿ. ಯಜಮಾನರು ಬಂದ ಮೇಲೆ ಅವರ ಫೋನನ್ನೂ ಅದರ ಪಕ್ಕದಲ್ಲೇ ಇಡಬೇಕು, ಅಲ್ವಾ?