ಪ್ರತಿಕ್ರಿಯೆ: ಬೀಡಿ ಬಿಟ್ಟರೂ ತಂದೆಯವರ ಸಿಒಪಿಡಿ ಮತ್ತೆ ಮತ್ತೆ ಉಲ್ಬಣಿಸುವುದೇಕೆ?

ಬೀಡಿ ಬಿಟ್ಟಿದ್ದರೂ ನಿಮ್ಮ ತಂದೆಯವರು ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಉಲ್ಬಣಿಸಿ ಕಳೆದ ವರ್ಷ ಎರಡು ಬಾರಿ ಆಸ್ಪತ್ರೆ ಸೇರಿದರು, ಈ ಚಳಿಗಾಲದಲ್ಲೂ ಹಾಗೇ ಆಗಬಹುದೇ ಎಂದು ಶಿಡ್ಲಘಟ್ಟದಿಂದ ಕೇಳಿದ್ದೀರಿ. ಆಗಬಹುದು. ಮುಂದಿನ ಉಲ್ಬಣದ ಅತಿ ದೊಡ್ಡ ಮುನ್ಸೂಚನೆಯೇ ಹಿಂದಿನ ವರ್ಷದ ಉಲ್ಬಣ. ಆದ್ದರಿಂದ ಚಳಿ ಶುರುವಾಗುವ ಮೊದಲೇ ಶ್ವಾಸಕೋಶ ತಜ್ಞರನ್ನು ಕಾಣಿರಿ.

ನನಗೆ ಹೆಚ್ಚು ಆತಂಕವಾಗಿದ್ದು ಅವರು ಈಗಲೂ ರೇಷ್ಮೆಗೂಡು ಬೇಯಿಸುವ ಸೌದೆ ಒಲೆಯ ಮುಂದೆ ಕೂರುತ್ತಾರೆ ಎಂಬ ಮಾತು. ಬೀಡಿ ಬಿಟ್ಟರೂ ಆ ಹೊಗೆ ಸೇವಿಸುತ್ತಿದ್ದರೆ ಶ್ವಾಸನಾಳದ ಉರಿಯೂತ ತಗ್ಗುವುದಿಲ್ಲ. ದಯವಿಟ್ಟು ಅವರನ್ನು ಒಲೆಯಿಂದ ದೂರವಿಡಿ. ಲೆಕ್ಕಪತ್ರವನ್ನೋ ಮಾರುಕಟ್ಟೆ ಕೆಲಸವನ್ನೋ ನೋಡಿಕೊಳ್ಳಲಿ. ಒಲೆಗೆ ಚಿಮಣಿ ಇಲ್ಲದಿದ್ದರೆ ಉಳಿದವರ ಸಲುವಾಗಿಯಾದರೂ ಹಾಕಿಸಿ.

ಬಹಳಷ್ಟು ಸಲ ಉಲ್ಬಣಕ್ಕೆ ಕಾರಣ ನೆಗಡಿ, ಫ್ಲೂ ವೈರಸ್‌ಗಳೇ. ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿ, ನ್ಯುಮೋನಿಯಾ ತಡೆಯಲು ನೀಡುವ ನ್ಯುಮೋಕಾಕಲ್ ಲಸಿಕೆಯ ಬಗ್ಗೆಯೂ ವೈದ್ಯರನ್ನು ವಿಚಾರಿಸಿ.

ಇನ್ಹೇಲರ್ ಬಳಸುವಾಗ ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ಕ್ಯಾಪ್ಸೂಲ್ ಹಾಕುವ ಬಗೆಯದಾದರೆ, ಮೊದಲು ಮುಖ ತಿರುಗಿಸಿ ಉಸಿರು ಹೊರಬಿಡಬೇಕು. ನಂತರ ಜೋರಾಗಿ, ಆಳವಾಗಿ ಎಳೆದು ಸುಮಾರು 10 ಸೆಕೆಂಡು ಹಿಡಿಯಬೇಕು. ಆಮೇಲೆ ಕ್ಯಾಪ್ಸೂಲಿನಲ್ಲಿ ಪುಡಿ ಉಳಿದಿದ್ದರೆ ಔಷಧಿ ಪೂರ್ತಿ ಒಳಗೆ ಹೋಗಿಲ್ಲ ಎಂದೇ ಅರ್ಥ. ಎದೆಯುರಿ, ಹೃದಯದ ತೊಂದರೆ ಇದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.

ಕಫ ಹೆಚ್ಚಾಗಿ ಹಳದಿ ಅಥವಾ ಹಸಿರಿಗೆ ತಿರುಗಿದರೆ ಅಂದೇ ವೈದ್ಯರ ಬಳಿ ಹೋಗಿ. ತುಟಿ ನೀಲಿಯಾದರೆ, ಮಾತನಾಡಲಾಗದಷ್ಟು ಏದುಸಿರು ಬಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.