‘ರಿಸ್ಕ್ ಇದೆ’ ಅಂದರೆ ಎಷ್ಟು ಎಂದು ಮೊದಲು ಕೇಳಿ

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ತಿರದ ಹಳ್ಳಿ. ಅಪ್ಪನಿಗೆ 81 ವರ್ಷ, ತೂಕ 55 ಕಿಲೋ. 2008ರಲ್ಲಿ ಬೈಪಾಸ್ ಆಗಿದೆ. ಸಕ್ಕರೆ ಕಾಯಿಲೆ ಇದೆ, ಕ್ರಿಯಾಟಿನಿನ್ 1.6. ಮೂರು ತಿಂಗಳಿಂದ ತೋಟದಿಂದ ಮೇಲೆ ಹತ್ತಿ ಬರುವಾಗ ಏದುಸಿರು. ಮೊನ್ನೆ ಕಣ್ಣು ಕತ್ತಲೆ ಬಂದು ಮೆಟ್ಟಿಲಲ್ಲೇ ಕುಸಿದು ಕೂತರು. ಎಕೋ ಮಾಡಿಸಿದಾಗ ಅಯೋರ್ಟಿಕ್ ವಾಲ್ವ್ ತೀರಾ ಕಿರಿದಾಗಿದೆ ಎಂದು ಗೊತ್ತಾಯಿತು. ‘ಈ ಪ್ರಾಯದಲ್ಲಿ ಎರಡನೇ ಸಲ ಎದೆ ತೆರೆಯುವುದು ತುಂಬಾ ರಿಸ್ಕ್, ಮದ್ದಿನಲ್ಲೇ ಇರಲಿ’ ಅಂದರು ಸರ್ಜನ್. ಶಾರ್ಜಾದಲ್ಲಿರುವ ಅಣ್ಣ ‘ಬೆಂಗಳೂರಿನ ದೊಡ್ಡ ಸರ್ಜನ್ ಹತ್ತಿರ ಕರಕೊಂಡು ಹೋಗು, ದುಡ್ಡು ನಾನು ನೋಡಿಕೊಳ್ಳುತ್ತೇನೆ’ ಅನ್ನುತ್ತಾನೆ. ಅಪ್ಪ ‘ಬದುಕಿದ್ದು ಸಾಕು’ ಅನ್ನುತ್ತಾರೆ. ಹತ್ತಿರ ಇರುವವಳು ನಾನೊಬ್ಬಳೇ. ಒಳ್ಳೆಯ ಸರ್ಜನ್‌ನನ್ನು ಹುಡುಕುವುದು ಹೇಗೆ? ಅಥವಾ ಹುಡುಕುವುದೇ ಬೇಡವೇ? ಅಪ್ಪ ತೋಟಕ್ಕೆ ಇಳಿಯಬಹುದೇ?
ಹೆಸರು ಬೇಡ, ಕಾಸರಗೋಡು ಜಿಲ್ಲೆ

ಉತ್ತರ: ಸೋದರಿ, ಹುಡುಕಬೇಕು. ಅದೂ ಬೇಗ. ಅಯೋರ್ಟಿಕ್ ವಾಲ್ವ್ ಎಂದರೆ ಹೃದಯದಿಂದ ಮೈಗೆಲ್ಲ ರಕ್ತ ಹೋಗುವ ಬಾಗಿಲು. ಅದು ಕಿರಿದಾದವರಲ್ಲಿ ಏದುಸಿರು, ಎದೆನೋವು, ಕಣ್ಣು ಕತ್ತಲೆ ಈ ಮೂರರಲ್ಲಿ ಒಂದು ಶುರುವಾದರೂ ಕಾಲ ಕಡಿಮೆ ಎಂದೇ ಲೆಕ್ಕ. ವಾಲ್ವ್ ಬದಲಿಸದೆ ಬಿಟ್ಟರೆ ಅಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿ ಎರಡು ವರ್ಷ ದಾಟುವುದಿಲ್ಲ. ನಿಮ್ಮ ಅಪ್ಪನಿಗೆ ಎರಡು ಲಕ್ಷಣಗಳು ಆಗಲೇ ಬಂದಿವೆ. ಸುಣ್ಣದಂಶ ಕಟ್ಟಿ ಗಟ್ಟಿಯಾದ ವಾಲ್ವನ್ನು ತೆರೆಯುವ ಮಾತ್ರೆ ಇಲ್ಲ. ಮದ್ದಿನಿಂದ ಕಾಲಿನ ಬಾವು ಇಳಿಯಬಹುದು, ಉಸಿರು ಸ್ವಲ್ಪ ಹಗುರಾಗಬಹುದು, ಅಷ್ಟೆ. ಹಾಗಾಗಿ ‘ಮದ್ದಿನಲ್ಲೇ ಇರಲಿ’ ಎಂಬುದು ರಿಸ್ಕ್ ಇಲ್ಲದ ದಾರಿ ಎಂದು ಯಾರೂ ತಿಳಿಯಬಾರದು.

ಆ ಸರ್ಜನ್ ಹೇಳಿದ್ದು ಪ್ರಾಮಾಣಿಕ ಮಾತೇ ಇರಬೇಕು. ಬೈಪಾಸ್ ಆದ ಎದೆಯಲ್ಲಿ ಹೃದಯ ಎದೆಮೂಳೆಯ ಹಿಂಬದಿಗೆ ಅಂಟಿಕೊಂಡಿರಬಹುದು. ಎಡ ಎದೆಯ ಒಳಗಿನ ರಕ್ತನಾಳವನ್ನು ಬೈಪಾಸ್‌ಗೆ ಬಳಸಿದ್ದರೆ ಅದು ಮೂಳೆಯ ಹಿಂದೆಯೇ ಹಾದುಹೋಗಿರಬಹುದು, ಗರಗಸ ಇಡುವಾಗ ಅದಕ್ಕೆ ತಾಗಿದರೆ ದೊಡ್ಡ ಅನಾಹುತ. ಆದರೆ ಅವರು ಬೇಡ ಅಂದದ್ದು ಎದೆ ತೆರೆಯುವ ಆಪರೇಷನನ್ನು. ಇನ್ನೊಂದು ದಾರಿ ಇದೆ, ಅದರ ಹೆಸರು ಟಾವಿ. ತೊಡೆಸಂದಿಯ ರಕ್ತನಾಳದ ಮೂಲಕ ಮಡಚಿದ ಹೊಸ ವಾಲ್ವನ್ನು ಹೃದಯದವರೆಗೆ ಕೊಂಡೊಯ್ದು ಹಳೆಯ ವಾಲ್ವಿನ ಒಳಗೇ ಬಿಡಿಸಿ ಕೂರಿಸುತ್ತಾರೆ. ಹಳೆಯದನ್ನು ಕತ್ತರಿಸಿ ತೆಗೆಯುವುದಿಲ್ಲ. ಎದೆ ಸೀಳುವುದಿಲ್ಲ, ಹೃದಯ ನಿಲ್ಲಿಸಿ ಯಂತ್ರಕ್ಕೆ ಹಾಕುವುದಿಲ್ಲ. ಫ್ರಾನ್ಸಿನ ಅಲೆನ್ ಕ್ರಿಬಿಯೇ 2002ರಲ್ಲಿ ಇದನ್ನು ಮೊದಲ ಬಾರಿ ಮನುಷ್ಯರಲ್ಲಿ ಮಾಡಿದರು. ಸರ್ಜನ್‌ಗಳು ಕೈಬಿಟ್ಟಿದ್ದ ರೋಗಿಗಳನ್ನೇ ತೆಗೆದುಕೊಂಡು ಮಾಡಿದ ಪಾರ್ಟ್ನರ್ ಅಧ್ಯಯನ 2010ರಲ್ಲಿ ಪ್ರಕಟವಾಯಿತು: ಟಾವಿ ಆದವರಲ್ಲಿ ಒಂದು ವರ್ಷದೊಳಗೆ ತೀರಿಕೊಂಡವರು ಶೇ. 30.7, ಆಗದವರಲ್ಲಿ ಶೇ. 50.7. ಅವರೆಲ್ಲ ತೀರಾ ಬಳಲಿದ್ದ ರೋಗಿಗಳು, ಆಗಿನ ವಾಲ್ವುಗಳೂ ದಪ್ಪ ಕೊಳವೆಯವು. ಅಮೆರಿಕದ ಹೃದ್ರೋಗ ಸಂಘಗಳ 2020ರ ಮಾರ್ಗಸೂಚಿ 80 ದಾಟಿದವರಿಗೆ ಟಾವಿಯನ್ನೇ ಮೊದಲು ಯೋಚಿಸಿ ಎನ್ನುತ್ತದೆ. ಹಾಗಾಗಿ ನೀವು ಹುಡುಕಬೇಕಾದದ್ದು ಸರ್ಜನ್ ಒಬ್ಬರನ್ನಲ್ಲ. ಎರಡೂ ವಿಧಾನ ಮಾಡುವ, ಸರ್ಜನ್ ಮತ್ತು ಕಾರ್ಡಿಯಾಲಜಿಸ್ಟ್ ಒಟ್ಟಿಗೆ ಕೂತು ಫೈಲು ನೋಡುವ ಆಸ್ಪತ್ರೆಯನ್ನು. ಒಂದೇ ವಿಧಾನ ಗೊತ್ತಿರುವಲ್ಲಿ ಹೋದರೆ ಅದೇ ವಿಧಾನದ ಸಲಹೆ ಸಿಗುತ್ತದೆ.

‘ತುಂಬಾ ರಿಸ್ಕ್’ ಎಂಬುದಕ್ಕೆ ಅಂಕಿ ಇದೆ. ಎಸ್‌ಟಿಎಸ್ ಸ್ಕೋರ್ ಎಂಬ ಲೆಕ್ಕದಲ್ಲಿ ವಯಸ್ಸು, ಕಿಡ್ನಿ, ಸಕ್ಕರೆ, ಹಿಂದಿನ ಆಪರೇಷನ್ ಎಲ್ಲ ಹಾಕಿದರೆ ಆಪರೇಷನ್‌ನಲ್ಲಿ ಜೀವಕ್ಕೆ ಅಪಾಯ ಶೇಕಡಾ ಎಷ್ಟು ಎಂದು ಬರುತ್ತದೆ. 4ಕ್ಕಿಂತ ಕೆಳಗೆ ಕಡಿಮೆ, 8ಕ್ಕಿಂತ ಮೇಲೆ ಹೆಚ್ಚು. ನಿಮ್ಮ ಅಪ್ಪನ ಸ್ಕೋರ್ ಎಷ್ಟು ಎಂದು ಕೇಳಿ, ಫೈಲಿನಲ್ಲಿ ಬರೆಸಿಕೊಳ್ಳಿ. ಕ್ರಿಯಾಟಿನಿನ್ 1.6 ಎಂಬುದು ನೋಡಲು ಸಣ್ಣ ಸಂಖ್ಯೆ. ಆದರೆ 81 ವರ್ಷ, 55 ಕಿಲೋಗೆ ಲೆಕ್ಕ ಹಾಕಿದರೆ ಕಿಡ್ನಿಯ ಕೆಲಸ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಿಗೆ ಇಳಿದಿದೆ. ಮುಂದಿನ ಎಲ್ಲ ತೀರ್ಮಾನಗಳಲ್ಲೂ ಇದು ಅಡ್ಡ ಬರುತ್ತದೆ.

ಸ್ಕೋರ್ ಹಿಡಿಯದ ಸಂಗತಿಯೂ ಒಂದಿದೆ: ದೇಹದಲ್ಲಿ ಉಳಿದಿರುವ ಕಸುವು. ಒಳ್ಳೆಯ ತಂಡಗಳು ಇದನ್ನು ಐದು ಮೀಟರ್ ನಡೆಸಿ ನೋಡುತ್ತವೆ. ಮನೆಯ ಜಗಲಿಯಲ್ಲೂ ನೋಡಬಹುದು. ಸಮತಟ್ಟಾದ ನೆಲದಲ್ಲಿ ಐದು ಮೀಟರ್ ಅಳೆದು ಎರಡೂ ತುದಿಗೆ ಚಾಕ್‌ನಲ್ಲಿ ಗೆರೆ ಎಳೆಯಿರಿ. ಅಪ್ಪ ಮೊದಲ ಗೆರೆಗಿಂತ ಒಂದೆರಡು ಹೆಜ್ಜೆ ಹಿಂದಿನಿಂದ ಹೊರಟು, ಎಂದಿನ ನಡಿಗೆಯಲ್ಲೇ ಎರಡನೆಯ ಗೆರೆ ದಾಟಲಿ. ಊರುಗೋಲು ಬಳಸುವವರಾದರೆ ಇಟ್ಟುಕೊಳ್ಳಲಿ. ಮೊಬೈಲಿನಲ್ಲಿ ಸೆಕೆಂಡು ಎಣಿಸಿ. ನಡುವೆ ಕೂರಿಸಿ, ಸುಧಾರಿಸಿದ ಮೇಲೆ ಮತ್ತೆ, ಹೀಗೆ ಮೂರು ಸಲ. ಸರಾಸರಿ ಆರು ಸೆಕೆಂಡಿಗಿಂತ ಹೆಚ್ಚಾದರೆ ನಡಿಗೆ ನಿಧಾನ ಎಂದು ಲೆಕ್ಕ. ಯಾರಾದರೊಬ್ಬರು ಪಕ್ಕದಲ್ಲೇ ನಡೆಯಬೇಕು. ತಲೆ ಸುತ್ತುವ ದಿನ ಇದನ್ನು ಮಾಡಬೇಡಿ. ಜೊತೆಗೆ ರಕ್ತದ ಆಲ್ಬುಮಿನ್ (ಒಂದು ಪ್ರೋಟೀನ್) ನೋಡಿಸಿ, 3.5ಕ್ಕಿಂತ ಕಡಿಮೆ ಇದ್ದರೆ ಗಾಯ ಮಾಯುವುದು ಕಷ್ಟ. ಸ್ನಾನ, ಬಟ್ಟೆ, ಊಟ, ಶೌಚ ಯಾರ ನೆರವಿಲ್ಲದೆ ಮಾಡುತ್ತಾರೆಯೇ ಎಂದೂ ಬರೆದಿಡಿ. 81ರಲ್ಲೂ ತೋಟಕ್ಕೆ ಇಳಿದು ಹತ್ತುತ್ತಿದ್ದ ಮನುಷ್ಯ ಎಂಬುದು ಡಾಕ್ಟರಿಗೆ ತಿಳಿಯಲೇಬೇಕು. ವಾಲ್ವಿನಿಂದ ಸೋತ ದೇಹ ವಾಲ್ವ್ ಸರಿಯಾದರೆ ಚೇತರಿಸುತ್ತದೆ, ಬೇರೆ ಕಾರಣದಿಂದ ಸೋತದ್ದು ಚೇತರಿಸದೆ ಹೋಗಬಹುದು.

ಈಗ ಫೈಲು. ಎರಡನೆಯ ಅಭಿಪ್ರಾಯ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಎಕೋ ರಿಪೋರ್ಟಿನ ಕಾಗದದ ಜೊತೆ ಅದರ ವಿಡಿಯೋ ಇರುವ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಕಾಗದದಲ್ಲಿ ವಾಲ್ವಿನ ವಿಸ್ತೀರ್ಣ, ಸರಾಸರಿ ಗ್ರೇಡಿಯೆಂಟ್ (ವಾಲ್ವಿನ ಆಚೀಚೆಗಿನ ಒತ್ತಡದ ವ್ಯತ್ಯಾಸ), ರಕ್ತದ ವೇಗ, ಹೃದಯದ ಪಂಪಿಂಗ್ ಇಷ್ಟೂ ಇರಬೇಕು. ವಿಸ್ತೀರ್ಣ 1 ಚದರ ಸೆಂಟಿಮೀಟರಿಗಿಂತ ಕಡಿಮೆ, ಗ್ರೇಡಿಯೆಂಟ್ 40 ಅಥವಾ ಹೆಚ್ಚು, ವೇಗ ಸೆಕೆಂಡಿಗೆ 4 ಮೀಟರ್ ಅಥವಾ ಹೆಚ್ಚು ಇದ್ದರೆ ತೀವ್ರ ಎಂದು ಅರ್ಥ. ಹೃದಯ ದುರ್ಬಲವಾಗಿದ್ದರೆ ಗ್ರೇಡಿಯೆಂಟ್ 40 ಮುಟ್ಟದೆಯೂ ಕಾಯಿಲೆ ತೀವ್ರವಾಗಿರಬಹುದು. ‘ಮಧ್ಯಮ ಅಷ್ಟೇ’ ಎಂದು ಮನೆಗೆ ಕಳಿಸಿ ತಪ್ಪುವುದು ಅಂಥವರಲ್ಲಿ. ಎರಡನೆಯದಾಗಿ, 2008ರ ಆಪರೇಷನ್ ನೋಟ್ಸ್. ಡಿಸ್ಚಾರ್ಜ್ ಕಾಗದ ಸಾಲದು. ಎಷ್ಟು ಗ್ರಾಫ್ಟ್ (ಜೋಡಿಸಿದ ರಕ್ತನಾಳ), ಯಾವ ನಾಳದಿಂದ, ಎಲ್ಲಿಗೆ ಎಂಬ ವಿವರ ಬೇಕು. ಆಗಿನ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಅರ್ಜಿ ಕೊಡಿ. ಮೂರನೆಯದು ಇಸಿಜಿ. ಅದರಲ್ಲಿ ಬಲಬದಿಯ ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ವಿದ್ಯುತ್ ಹಾದಿಯಲ್ಲಿ ತಡೆ) ಇದ್ದರೆ ಟಾವಿ ಆದ ಮೇಲೆ ಪೇಸ್‌ಮೇಕರ್ ಬೇಕಾಗುವ ಸಾಧ್ಯತೆ ಹೆಚ್ಚು, ಮೊದಲೇ ತಿಳಿದಿರುವುದು ಒಳ್ಳೆಯದು.

ಟಾವಿಗೆ ಆಗುತ್ತದೆಯೇ ಎಂದು ಹೇಳುವುದು ಸಿಟಿ ಸ್ಕ್ಯಾನ್. ವಾಲ್ವಿನ ಸುತ್ತಳತೆ, ಸುಣ್ಣ ಎಷ್ಟು ಕಟ್ಟಿದೆ, ಹೃದಯದ ರಕ್ತನಾಳಗಳ ಬಾಯಿ ಎಷ್ಟು ಎತ್ತರದಲ್ಲಿದೆ, ತೊಡೆಯ ನಾಳ ಕೊಳವೆ ಹೋಗುವಷ್ಟು ಅಗಲವಿದೆಯೇ (ಸಾಮಾನ್ಯವಾಗಿ 5.5 ಮಿಲಿಮೀಟರ್ ಬೇಕು) ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಇದಕ್ಕೆ ರಕ್ತನಾಳಕ್ಕೆ ಕೊಡುವ ಡೈ (ಚಿತ್ರ ಸ್ಪಷ್ಟವಾಗಿಸುವ ದ್ರವ) ಅಪ್ಪನ ಕಿಡ್ನಿಗೆ ಹೊರೆ. ಆದ್ದರಿಂದ ಸ್ಕ್ಯಾನ್ ಒಂದೇ ಸಲ ಆಗಬೇಕು, ಟಾವಿ ಮಾಡುವ ಕೇಂದ್ರದಲ್ಲೇ ಆಗಬೇಕು. ಸಿ.ಡಿ. ನಿಮ್ಮ ಕೈಯಲ್ಲಿದ್ದರೆ ಎರಡನೆಯ ಆಸ್ಪತ್ರೆಯವರು ಮತ್ತೆ ಡೈ ಕೊಡಬೇಕಾಗುವುದಿಲ್ಲ. ಸಿಟಿ ಮತ್ತು ಆಂಜಿಯೋಗ್ರಾಂ ನಡುವೆ ಕೆಲವು ದಿನ ಅಂತರ ಕೊಡಬಹುದೇ ಎಂದು ಕೇಳಿ. ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈ ಕಿಡ್ನಿಗೆ ಅದನ್ನು ಮುಂದುವರಿಸುವುದು ಸರಿಯೇ ಎಂದೂ ಮೊದಲೇ ವಿಚಾರಿಸಿ. ಮಂಡಿನೋವಿಗೆಂದು ಅಂಗಡಿಯಿಂದ ತರುವ ನೋವಿನ ಮಾತ್ರೆ ಇನ್ನು ಬೇಡ.

ಡಾಕ್ಟರರ ಎದುರು ಕೂತಾಗ ಸಂಕೋಚ ಬೇಡ. ಕಳೆದ ವರ್ಷ ಇಲ್ಲಿ ಎಷ್ಟು ಅಯೋರ್ಟಿಕ್ ವಾಲ್ವ್ ಬದಲಿಸಿದ್ದೀರಿ, ಅದರಲ್ಲಿ ಟಾವಿ ಎಷ್ಟು, 80 ದಾಟಿದವರು ಎಷ್ಟು, ಬೈಪಾಸ್ ಆದವರು ಎಷ್ಟು? ಅವರಲ್ಲಿ ಎಷ್ಟು ಮಂದಿ ತೀರಿಕೊಂಡರು, ಎಷ್ಟು ಮಂದಿಗೆ ಪಾರ್ಶ್ವವಾಯು, ಪೇಸ್‌ಮೇಕರ್, ಡಯಾಲಿಸಿಸ್ ಬೇಕಾಯಿತು? ಅಮೆರಿಕದ ಹಿರಿಯರ ಸರಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 2019ರಲ್ಲಿ ಇಟ್ಟ ಅಳತೆಗೋಲು ಹೀಗಿದೆ: ಟಾವಿ ನಡೆಸುವ ಆಸ್ಪತ್ರೆ ವರ್ಷಕ್ಕೆ ಒಟ್ಟು 50 ಅಯೋರ್ಟಿಕ್ ವಾಲ್ವ್ ಬದಲಿಸಿರಬೇಕು, ಅದರಲ್ಲಿ 20 ಟಾವಿ ಇರಬೇಕು. ನಮ್ಮಲ್ಲಿ ಇದು ನಿಯಮವಲ್ಲ, ಹೋಲಿಸಲು ಉಪಯೋಗಕ್ಕೆ ಬರುತ್ತದೆ. ಬೋರ್ಡಿನಲ್ಲಿ ಹೆಸರಿರುವ ಡಾಕ್ಟರೇ ಮಾಡುತ್ತಾರೋ ಬೇರೆಯವರೋ, ನಡುವೆ ನಾಳ ಹರಿದರೆ ಕೂಡಲೇ ಕೈಹಾಕಲು ಸರ್ಜನ್ ಅದೇ ಕಟ್ಟಡದಲ್ಲಿ ಇರುತ್ತಾರೋ ಎಂದೂ ಕೇಳಿ. ‘ಏನೂ ಹೆದರಬೇಡಿ’ ಎಂಬುದು ಇದಕ್ಕೆ ಉತ್ತರವಲ್ಲ. ಸಂಖ್ಯೆ ಹೇಳುವವರನ್ನು, ‘ನಿಮ್ಮ ತಂದೆಗೆ ಇದು ಬೇಡ, ಯಾಕೆಂದರೆ ಹೀಗೆ’ ಎಂದು ಬಿಡಿಸಿ ಹೇಳಬಲ್ಲವರನ್ನು ನಂಬಿ.

ಎಲ್ಲಿಗೆ ಹೋಗುವುದು? ಅಪ್ಪನನ್ನು ಕಾರಿನಲ್ಲಿ ಕೂರಿಸಿ ಘಾಟಿ ಹತ್ತಿಸುವ ಮೊದಲು ಫೈಲನ್ನು ಕಳಿಸಿ. ಹತ್ತಿರದ ಮಂಗಳೂರಿನಲ್ಲಿ ಒಮ್ಮೆ ನೇರವಾಗಿ ತೋರಿಸಿ. ಅಲ್ಲಿ ಕನ್ನಡ, ತುಳುವಿನಲ್ಲಿ ಅಪ್ಪನೇ ಡಾಕ್ಟರ ಹತ್ತಿರ ಮಾತಾಡಬಹುದು, ಇದು ಸಣ್ಣ ವಿಷಯವಲ್ಲ. ಸಿ.ಡಿ.ಗಳನ್ನು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಗೋ ಬೆಂಗಳೂರಿಗೋ ಕಳಿಸಿ ಅಭಿಪ್ರಾಯ ಸಿಗುತ್ತದೆಯೇ ವಿಚಾರಿಸಿ. ಶ್ರೀಚಿತ್ರಾ ಕೇಂದ್ರ ಸರಕಾರದ ಸಂಸ್ಥೆ; ಭಾರತದ್ದೇ ಆದ ಚಿತ್ರಾ ವಾಲ್ವ್ ಅಲ್ಲಿ ತಯಾರಾಗಿ 1990ರಲ್ಲಿ ಮೊದಲು ಬಳಕೆಗೆ ಬಂತು. (ಅದು ಲೋಹದ ವಾಲ್ವ್, ಜೀವಮಾನವಿಡೀ ರಕ್ತ ತೆಳುವಾಗಿಸುವ ಮಾತ್ರೆ ಬೇಕು, ಅಪ್ಪನ ಪ್ರಾಯಕ್ಕೆ ಸಾಮಾನ್ಯವಾಗಿ ಪ್ರಾಣಿ ಅಂಗಾಂಶದ ವಾಲ್ವ್ ಹಾಕುತ್ತಾರೆ.) ಎಲ್ಲೇ ಮಾಡಿಸಿದರೂ ಎಲ್ಲ ಕಾಗದದ ಒಂದು ಪ್ರತಿ ಬದಿಯಡ್ಕದಲ್ಲೋ ಕಾಸರಗೋಡಿನಲ್ಲೋ ಇರುವ ನಿಮ್ಮ ಡಾಕ್ಟರ ಬಳಿ ಇರಲಿ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನೆಚ್ಚಿಕೊಂಡಿದ್ದ ರೋಗಿಗಳು ಪಟ್ಟ ಪಾಡು ನಿಮ್ಮ ಕಡೆಯವರು ಮರೆತಿಲ್ಲ. ಒಪ್ಪಿಗೆ ಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಕನ್ನಡದಲ್ಲಿ ಓದಿ ಹೇಳಿಸಿ, ಆಮೇಲೆ ಸಹಿ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಟಾವಿಯ ಖರ್ಚು ಸಾಮಾನ್ಯವಾಗಿ 10 ಲಕ್ಷ ದಾಟುತ್ತದೆ, ವಾಲ್ವಿನ ಬೆಲೆಯೇ ಅದರಲ್ಲಿ ದೊಡ್ಡ ಪಾಲು. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ. 70 ದಾಟಿದ ಎಲ್ಲರಿಗೂ 5 ಲಕ್ಷದ ಆಯುಷ್ಮಾನ್ ಕಾರ್ಡನ್ನು ಕೇಂದ್ರ ಸರಕಾರ 2024ರ ಅಕ್ಟೋಬರಿನಲ್ಲಿ ಆರಂಭಿಸಿತು. ನೀವು ಆರಿಸಿದ ಆಸ್ಪತ್ರೆ ಯಾವ ಕಾರ್ಡ್ ತೆಗೆದುಕೊಳ್ಳುತ್ತದೆ, ಟಾವಿಗೆ ಕೊಡುತ್ತದೆಯೇ ಅಥವಾ ಎದೆ ತೆರೆಯುವ ಆಪರೇಷನ್‌ಗೆ ಮಾತ್ರವೇ ಎಂದು ಕೌಂಟರಿನಲ್ಲಿ ಕೇಳಿ ಬರೆಸಿಕೊಳ್ಳಿ. ಅಂದಾಜು ಪಟ್ಟಿಯಲ್ಲಿ ವಾಲ್ವ್ ಬೇರೆ, ಪೇಸ್‌ಮೇಕರ್ ಬೇಕಾದರೆ ಎಷ್ಟು, ಐಸಿಯು ಒಂದು ದಿನ ಹೆಚ್ಚಾದರೆ ಎಷ್ಟು ಎಂದು ಬಿಡಿಬಿಡಿಯಾಗಿ ಇರಲಿ. ಅಣ್ಣನಿಗೆ ಆ ಪಟ್ಟಿಯನ್ನೇ ಕಳಿಸಿ. ದೂರದಲ್ಲಿರುವವರಿಗೆ ದೊಡ್ಡ ಹೆಸರು ಧೈರ್ಯ ಕೊಡುತ್ತದೆ, ಅದರಲ್ಲಿ ತಪ್ಪಿಲ್ಲ. ಡಾಕ್ಟರ ಜೊತೆಗಿನ ಮಾತಿಗೆ ಅವರನ್ನೂ ವಿಡಿಯೋ ಕಾಲ್‌ನಲ್ಲಿ ಕೂರಿಸಿ. ಹೊಣೆ ನಿಮ್ಮೊಬ್ಬರ ತಲೆಯ ಮೇಲೆ ಬೀಳದು.

ಅಪ್ಪನ ಮಾತಿಗೆ ಬರೋಣ. ‘ಸಾಕು’ ಅಂದದ್ದರ ಹಿಂದೆ ಏನಿದೆ ಎಂದು ಯಾರೂ ಇಲ್ಲದ ಹೊತ್ತಿನಲ್ಲಿ ಕೇಳಿ. ಮತ್ತೆ ಎದೆ ಸೀಳುತ್ತಾರೆಂಬ ಭಯವೇ? ಹಾಗಿದ್ದರೆ ಟಾವಿಯ ವಿಷಯ ಅವರಿಗೆ ಗೊತ್ತಿಲ್ಲ. ತೋಟ ಮಾರಬೇಕಾದೀತೆಂಬ ಚಿಂತೆಯೇ? ಮಲಗಿದಲ್ಲೇ ಆದರೆ ನಿಮಗೆ ಭಾರವಾಗುತ್ತೇನೆಂಬ ಸಂಕಟವೇ? ಎಲ್ಲವನ್ನೂ ತಿಳಿದ ಮೇಲೂ ಬೇಡ ಎಂದರೆ ಅದು ಅವರ ತೀರ್ಮಾನ, ನೀವಾಗಲಿ ಅಣ್ಣನಾಗಲಿ ಅದನ್ನು ಮೀರಬಾರದು. ಆಗಲೂ ಮಾಡುವುದು ಬಹಳ ಇದೆ: ನಿಮ್ಮ ಪಂಚಾಯತಿನ ಪಾಲಿಯೇಟಿವ್ (ಸಂಕಟ ತಗ್ಗಿಸುವ ಆರೈಕೆಯ) ನರ್ಸ್ ಮನೆಗೆ ಬರುತ್ತಾರೆ, ಉಸಿರಾಟದ ಸಂಕಟಕ್ಕೆ ಮದ್ದಿದೆ. ಬಲೂನಿನಿಂದ ವಾಲ್ವ್ ಹಿಗ್ಗಿಸುವ ಚಿಕಿತ್ಸೆ ಕೆಲವು ತಿಂಗಳ ಸಮಾಧಾನ ಕೊಡುತ್ತದೆ, ಮತ್ತೆ ಕಿರಿದಾಗುತ್ತದೆ.

ಈ ನಡುವೆ ಮನೆಯಲ್ಲಿ ಎಚ್ಚರ. ಬೈಪಾಸ್ ಆದವರ ಮನೆಯಲ್ಲಿ ನಾಲಗೆಯಡಿ ಇಡುವ ಸಾರ್ಬಿಟ್ರೇಟ್ ಇದ್ದೇ ಇರುತ್ತದೆ. ವಾಲ್ವ್ ಇಷ್ಟು ಕಿರಿದಾಗಿರುವಾಗ ಅದರಿಂದ ಬಿ.ಪಿ. ಥಟ್ಟನೆ ಇಳಿದು ಪ್ರಜ್ಞೆ ತಪ್ಪಬಹುದು. ಇಡಬೇಕೋ ಬೇಡವೋ ಎಂದು ಇವತ್ತೇ ಕಾರ್ಡಿಯಾಲಜಿಸ್ಟ್‌ಗೆ ಫೋನ್ ಮಾಡಿ ಕೇಳಿ. ಬಿ.ಪಿ. ಮಾತ್ರೆ, ಮೂತ್ರದ ಮಾತ್ರೆಗಳನ್ನು ನೀವಾಗಿ ಹೆಚ್ಚು ಕಡಿಮೆ ಮಾಡಬೇಡಿ. ಎಲೆಯಡಿಕೆ ಹಾಕುವ ಅಭ್ಯಾಸವಿದ್ದರೆ ಹಲ್ಲಿನ ಡಾಕ್ಟರಿಗೆ ಈಗಲೇ ತೋರಿಸಿ. ಕೊಳೆತ ಹಲ್ಲಿನ ಸೋಂಕು ರಕ್ತಕ್ಕೆ ಸೇರಿ ಹೊಸ ವಾಲ್ವಿಗೆ ಹತ್ತಬಹುದು.

ತೋಟಕ್ಕೆ ಈಗ ಇಳಿಯುವುದು ಬೇಡ. ಇಳಿದವರು ಹತ್ತಲೇಬೇಕಲ್ಲ, ಕಣ್ಣು ಕತ್ತಲೆ ಬಂದದ್ದು ಆ ಹತ್ತುವಲ್ಲೇ. ಅಂಗಳದಲ್ಲಿ ನಿಧಾನವಾಗಿ ನಡೆಯಲಿ, ಅಡಿಕೆ ಚೀಲ, ಕೊಡಪಾನ ಎತ್ತದಿರಲಿ. ಬಿಸಿನೀರಿನ ಸ್ನಾನ ಕೂತುಕೊಂಡೇ ಆಗಲಿ, ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬಾರದು. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾದರೆ, ಮತ್ತೊಮ್ಮೆ ಕುಸಿದರೆ, ಅಥವಾ ಎದೆನೋವು ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ಹೊತ್ತಿಗೆ ಆಸ್ಪತ್ರೆಗೆ ಸೇರಿಸಿ, ಫೈಲು ಜೊತೆಗಿರಲಿ.